ಹುಳ ತಿನ್ನುವ ಹಕ್ಕಿ ಮನೆಗೆ ಬಂದದ್ದು

ಬೈಲಹೊಂಗಲದ ನಮ್ಮ ಮನೆಯಲ್ಲಿ ಕಟ್ಟಿಗೆಯನ್ನು ತಂದು ಹಾಗೇ ಒಲೆಗೆ ಹಾಕುತ್ತಿರಲಿಲ್ಲ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಒಂದೊಂದೇ ಕಟ್ಟಿಗೆ ಹಿಡಿದು ಹಿತ್ತಲ ಕಲ್ಲಿಗೆ ಮೂರು ಸಲ ಮೆಲ್ಲಗೆ ತಟ್ಟುತ್ತಿದ್ದಳು. ತೊಗಟೆಯ ಸಂದಿಯಿಂದ ಇರುವೆ, ಒರಲಿ, ಒಮ್ಮೊಮ್ಮೆ ಸಣ್ಣ ಚೇಳಿನ ಮರಿ ಉದುರುತ್ತಿತ್ತು. ಅವು ಸರಿದು ಹೋಗುವವರೆಗೆ ಕಾಯುವಳು. ಅವಸರವಿದ್ದ ದಿನವೂ ಕಾಯುವಳು. ಅಪ್ಪ ನೇಸರಗಿಯ ಸಾಲೆಯಲ್ಲಿ ಮಾಸ್ತರ, ಅವನ ಬಸ್ಸು ಏಳೂವರೆಗೆ. ಬುತ್ತಿ ತಡವಾದರೂ ಆಯಿಯ ಕೈ ಅವಸರ ಮಾಡುತ್ತಿರಲಿಲ್ಲ. ಜೋಳ ಹಸನು ಮಾಡುವಾಗ ಮೊರದ ಅಂಚಿಗೆ ಬಂದ ನುಸಿಗಳನ್ನು ಬೇವಿನ ಗಿಡದ ಬುಡಕ್ಕೆ ಒಯ್ದು ಬಿಡುತ್ತಿದ್ದಳು, ಜೊತೆಗೆ ಒಂದು ಹಿಡಿ ನುಚ್ಚು. ನುಚ್ಚು ಯಾಕೆ ಎಂದು ಒಮ್ಮೆ ಕೇಳಿದೆ.

“ಮನಿ ಬಿಡಿಸಿದ ಮ್ಯಾಲ ದಾರಿಗೆ ಬುತ್ತಿ ಕೊಡಬೇಕಲ್ಲ, ನೀಲಾ,” ಅಂದಳು.

ನಗಿಸಲು ಹೇಳಿದ ಮಾತಲ್ಲ ಅದು. ಆಯಿ ನಗಿಸುವ ಹೆಂಗಸೇ ಅಲ್ಲ. ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು ದೇವರ ಖೋಲಿಯಲ್ಲಿ ಕುಳಿತಳೆಂದರೆ ಮನೆಯಲ್ಲಿ ಪಾತ್ರೆ ಸಪ್ಪಳವೂ ಆಗಬಾರದು. ಅವಳ ಪೂಜೆ ಮುಗಿಯುವವರೆಗೆ ಅವ್ವ ಬರಿಗಾಲಲ್ಲಿ, ಬೆರಳ ತುದಿಯ ಮೇಲೆ ಓಡಾಡುವಳು. ನನಗೆ ಆಯಿಯ ಬಗ್ಗೆ ಹೆದರಿಕೆ ಇತ್ತು. ಆದರೆ ಅವಳು ಅನ್ಯಾಯ ಮಾಡಿದಳು ಅಂತ ಒಂದು ದಿನವೂ ಅನಿಸಿರಲಿಲ್ಲ. ನನಗೆ ಹತ್ತು ತುಂಬಿದ ಆ ಬೇಸಿಗೆಯವರೆಗೆ.

ಮಣ್ಣಿನ ಮಾಳಿಗೆಯ ಉದ್ದನೆ ಮನೆ ನಮ್ಮದು. ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ಅದರ ಬಲಕ್ಕೆ ದೇವರ ಖೋಲಿ, ಎಡಕ್ಕೆ ಅಡುಗೆಮನೆ, ಎಲ್ಲಕ್ಕಿಂತ ಹಿಂದೆ ಹಿತ್ತಲಿಗೆ ಬಾಗಿಲಿದ್ದ ಕಾಳಿನ ಖೋಲಿ. ಕಾಳಿನ ಖೋಲಿಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರಿಂದ ಬೀಳುವ ಬಿಸಿಲಿನ ಚೌಕ ದಿನವಿಡೀ ನೆಲದ ಮೇಲೆ ಸರಿಯುತ್ತಿತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ಅಲ್ಲಿದ್ದ ಚೀಲಗಳನ್ನು ಪಡಸಾಲೆಗೆ ಸಾಗಿಸಿ, ನೆಲ ಸಾರಿಸಿ, ಒಂದು ಹೊರಸು ಹಾಕಿದರು. ಅಪ್ಪನ ತಂಗಿ ಶಾಂತತ್ತಿ ರಾಮದುರ್ಗದ ಗಂಡನ ಮನೆಯಿಂದ ಒಂದು ಟ್ರಂಕು, ಒಂದು ಕೌದಿ ತೆಗೆದುಕೊಂಡು ಬಂದಳು. ಬಂದವಳು ಹಬ್ಬಕ್ಕೆ ಬರುತ್ತಿದ್ದ ಶಾಂತತ್ತಿ ಅಲ್ಲ. ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಕೆಮ್ಮಿದರೆ ಇಡೀ ಮೈ ಮಡಚಿಕೊಳ್ಳುತ್ತಿತ್ತು. ಓಣಿಯವರು ಕೇಳಿದರೆ ಅವ್ವ “ನಿಶ್ಶಕ್ತಿ” ಅನ್ನುವಳು. ಕ್ಷಯ ಎಂಬ ಶಬ್ದವನ್ನು ಮನೆಯಲ್ಲಿ ಯಾರೂ ಉಚ್ಚರಿಸಲಿಲ್ಲ; ನಾನು ಅದನ್ನು ಗುಳಿಗೆಯ ಚೀಟಿಯ ಮೇಲೆ ಓದಿ ತಿಳಿದೆ. ಅವಳ ತಾಟು ಬೇರೆ, ತಂಬಿಗೆ ಬೇರೆ. ನಾನು ಹೊಸ್ತಿಲು ದಾಟಬಾರದು ಎಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಹೊಸ್ತಿಲ ಮೇಲೆ ತಾಟು ಇಡುವುದು, ಖಾಲಿ ತಾಟು ತರುವುದು ನನ್ನ ಕೆಲಸ. ತಾಟು ಖಾಲಿಯಾಗಿ ಬರುತ್ತಲೇ ಇರಲಿಲ್ಲ. ರೊಟ್ಟಿಯ ಒಂದು ಮೂಲೆ ಮುರಿದಿರುವುದು, ಅಷ್ಟೇ. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಅನ್ನುವಳು. ಹದಿನೈದು ದಿನಕ್ಕೊಮ್ಮೆ ಅಪ್ಪ ಅವಳನ್ನು ಆಸ್ಪತ್ರೆಗೆ ಕರೆದೊಯ್ದು ತೂಗಿಸಿಕೊಂಡು ಬರುತ್ತಿದ್ದ. ಪ್ರತಿ ಸಲವೂ ಕಡಿಮೆಯಾಗಿರುತ್ತಿತ್ತು.

ಮೂರನೆಯ ಸಲ ಬಂದ ದಿನ ಅಪ್ಪ ಊಟಕ್ಕೆ ಕುಳಿತವನು ತುತ್ತು ಕಲಸುತ್ತ ತಲೆ ತಗ್ಗಿಸಿಯೇ ಹೇಳಿದ.

“ಡಾಕ್ಟರ್ ಒಂದ ಮಾತು ಹೇಳ್ಯಾರ, ಅವ್ವಾ. ಬರೇ ಗುಳಿಗಿ ಸಾಲೂದಿಲ್ಲಂತ. ಮೈಗೆ ಏನರ ಹತ್ತಬೇಕಂತ. ದಿನಾ ಒಂದ ಕೋಳಿ ತತ್ತಿ ಕೊಡ್ರಿ ಅಂದ್ರು.”

ಆಯಿ ಮಜ್ಜಿಗೆ ಬಡಿಸುತ್ತಿದ್ದಳು. ಸೌಟು ಅಲ್ಲೇ ನಿಂತಿತು.

“ಹಾಲು ಎಷ್ಟು ಬೇಕೋ ಅಷ್ಟು ಕೊಡೂಣು. ತುಪ್ಪ ಕೊಡೂಣು. ತತ್ತಿ ಈ ಮನ್ಯಾಗ ಬರೂದಿಲ್ಲ.”

“ಹಾಲು ಕುಡದ್ರ ಕಾರಕೊಳ್ಳಾಕತ್ತಾಳ.”

“ಗುಂಡಪ್ಪಾ, ನನ್ನ ಕೊಳ್ಳಾಗ ಲಿಂಗ ಐತಿ. ನಿನ್ನ ಕೊಳ್ಳಾಗೂ ಐತಿ.”

ಅಪ್ಪ ಮಜ್ಜಿಗೆ ಕುಡಿದು ಕೈ ತೊಳೆದು ಎದ್ದ. ಸಾಲೆಯಲ್ಲಿ ನಲವತ್ತು ಹುಡುಗರನ್ನು ಒಂದು ನೋಟದಲ್ಲಿ ಸುಮ್ಮನಾಗಿಸುವ ಅಪ್ಪ ತನ್ನ ತಾಯಿಯ ಮುಂದೆ ಹೀಗೆ ಎದ್ದು ಹೋಗುವುದು ನನಗೆ ಹೊಸದಲ್ಲ. ಆದರೆ ಅಂದು ನಾನು ಹಿಂದಿನ ಖೋಲಿಯ ಬಾಗಿಲ ಕಡೆ ನೋಡಿದೆ. ಬಾಗಿಲು ತೆರೆದೇ ಇತ್ತು. ಶಾಂತತ್ತಿಗೆ ಎಲ್ಲ ಕೇಳಿಸಿತ್ತು. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಕೊಂಡಳು.

ಇದಾಗಿ ವಾರವೂ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಅಡ್ಡಮಳೆ ಎದ್ದಿತು. ಮೊದಲು ಗಾಳಿ, ಎರೆಮಣ್ಣಿನ ಧೂಳು ಓಣಿಯನ್ನು ಮುಚ್ಚಿ ಎದುರಿನ ಮನೆ ಕಾಣದಂತಾಯಿತು. ಆಯಿ, ಅವ್ವ ಇಬ್ಬರೂ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ತೆಗೆಯಲು ಓಡಿದರು. ನಾನು ಪಡಸಾಲೆಯಲ್ಲಿ ಒಬ್ಬಳೇ ಇದ್ದೆ. ಹಿಂದಿನ ಖೋಲಿಯಿಂದ ಶಾಂತತ್ತಿಯ ದನಿ ಬಂತು. ಆರು ವಾರದಲ್ಲಿ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ನೀಲಾ, ಇಲ್ಲಿ ಬಾ. ಲಗೂ ಬಾ.”

ಹೊಸ್ತಿಲ ಮೇಲೆ ನಿಂತೆ. ಅವಳು ಎದ್ದು ಕುಳಿತಿದ್ದಳು. ಬೆಳಕಿಂಡಿಯಿಂದ ಧೂಳು ಸುರಿಯುತ್ತಿತ್ತು. ಕೌದಿಯ ಮೇಲೆ, ಅವಳ ಮೊಣಕಾಲಿನ ಹತ್ತಿರ, ಒಂದು ಹಕ್ಕಿ ಮಗ್ಗುಲಾಗಿ ಬಿದ್ದಿತ್ತು. ಕೌದಿಯ ಹಲವು ಬಣ್ಣದ ತೇಪೆಗಳ ನಡುವೆ ಅದೂ ಒಂದು ತೇಪೆಯಂತೆ ಕಾಣಿಸಿತು. ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಬೆನ್ನು ಹಸಿರು, ಹೆಗಲ ಮೇಲೆ ಹೊಳೆಯುವ ನೀಲಿ, ಎದೆ ಕೆನೆಬಣ್ಣ, ಬಾಲದ ಕೆಳಗೆ ಕುಂಕುಮದಂಥ ಕೆಂಪು, ಕಣ್ಣಿನ ಮೇಲೆ ದಪ್ಪನೆ ಕಾಡಿಗೆ ಎಳೆದ ಹಾಗೆ ಕಪ್ಪು ಪಟ್ಟೆ. ಬಾಲ ಎಂಬುದು ಇದ್ದೂ ಇಲ್ಲದಷ್ಟು ಮೋಟು. ನಮ್ಮ ಕಡೆ ಅಂಥ ಹಕ್ಕಿಯನ್ನು ನಾನು ನೋಡಿರಲಿಲ್ಲ. ಕೊಕ್ಕು ತೆರೆದು ತೇಕುತ್ತಿತ್ತು. ಅತ್ತಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನಾನು ಯೋಚಿಸದೆ ಹೊಸ್ತಿಲು ದಾಟಿ ಹೋಗಿ ಅವಳ ಪಕ್ಕದಲ್ಲಿ ಕುಳಿತೆ.

“ಎದಿ ನೋಡು ಹ್ಯಾಂಗ ಬಡಕೊಳ್ಳಾಕತ್ತೈತಿ,” ಅಂದಳು. “ಭಾಳ ದೂರದಿಂದ ಬಂದಿರಬೇಕು.”

ಆಯಿ ಸಂಡಿಗೆಯ ಹಾಸು ಹೊತ್ತು ಕೆಳಗಿಳಿದು ಬಂದು ನನ್ನನ್ನು ಒಳಗೆ ಕಂಡಳು. ಬೈಯುತ್ತಾಳೆ ಅಂದುಕೊಂಡೆ. ಅವಳ ಕಣ್ಣು ಹಕ್ಕಿಯ ಮೇಲೆ ಬಿತ್ತು. ಹಾಸು ಕೆಳಗಿಟ್ಟು, ಅರಳೆ ತಂದು ನೀರಲ್ಲಿ ಅದ್ದಿ, ಹಕ್ಕಿಯ ಕೊಕ್ಕಿನಲ್ಲಿ ಹನಿಹನಿಯಾಗಿ ಹಿಂಡಿದಳು. ಶಾಂತತ್ತಿಯ ಕೈ, ಆಯಿಯ ಕೈ ಒಂದಕ್ಕೊಂದು ತಾಗುತ್ತಿದ್ದವು. ಅಷ್ಟು ದಿನ ಆಯಿ ಮಗಳ ಖೋಲಿಗೆ ಬಂದರೂ ಒಂದು ಮಾರು ದೂರ ನಿಲ್ಲುತ್ತಿದ್ದಳು. ಮಳೆ ನಿಲ್ಲುವ ಹೊತ್ತಿಗೆ ಹಕ್ಕಿ ಕಾಲ ಮೇಲೆ ನಿಂತಿತು. ಅದನ್ನು ನೆಲಕ್ಕೆ ಬಿಟ್ಟು, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿದೆವು. ಒಳಗೆ ಜೋಳದ ಕಾಳು, ಅಕ್ಕಿ ನುಚ್ಚು, ನೆನೆಸಿದ ಕಡಲೆ, ಅನ್ನದ ಅಗುಳು ಎಲ್ಲ ಇಟ್ಟೆವು. ಹಕ್ಕಿ ಯಾವುದನ್ನೂ ಮುಟ್ಟಲಿಲ್ಲ. ಮುಂಜಾನೆ ನೋಡಿದರೆ ಇಟ್ಟದ್ದು ಇಟ್ಟಲ್ಲೇ ಇತ್ತು, ಹಕ್ಕಿ ರೆಕ್ಕೆ ಉಬ್ಬಿಸಿ ಕಣ್ಣು ಮುಚ್ಚಿ ನಿಂತಿತ್ತು. ಆಯಿ ಪೂಜೆ ಮುಗಿಸಿ ಬಂದು ಬುಟ್ಟಿ ಎತ್ತಿ ನೋಡಿ, ಮತ್ತೆ ಹೋಗಿ ಹಾಲಲ್ಲಿ ನೆನೆಸಿದ ರೊಟ್ಟಿಯ ಚೂರು ತಂದಿಟ್ಟಳು. ಅದನ್ನೂ ತಿನ್ನಲಿಲ್ಲ.

ಅಂದು ಸಂತೆ. ಕಿತ್ತೂರಿನ ಪಡುವಣ ದಿಕ್ಕಿನ ಒಂದು ಹಳ್ಳಿಯಿಂದ ಗಂಗವ್ವ ಎಂಬಾಕೆ ಬುಟ್ಟಿ, ಮೊರ ಮಾರಲು ಬರುತ್ತಿದ್ದಳು. ಸಂತೆಯ ದಿನ ನಮ್ಮ ಕಟ್ಟೆಯ ಮೇಲೆ ಹೊರೆ ಇಳಿಸಿ ನೀರು ಕುಡಿದು, ಸಂಜೆ ಊರಲ್ಲೇ ಇದ್ದ ಮಗಳ ಮನೆಯಲ್ಲಿ ಉಳಿದು ಮರುದಿನ ಹೋಗುವಳು. ಆಯಿ ಅವಳನ್ನೇ ಕೇಳಿದಳು, ಹಕ್ಕಿಯನ್ನು ಒಂದಿಷ್ಟು ನೋಡು ಎಂದು. ಗಂಗವ್ವ ಪಡಸಾಲೆ ದಾಟಿ ಸೀದಾ ಹಿಂದಿನ ಖೋಲಿಗೆ ನಡೆದಳು. ನಮ್ಮ ನೆಂಟರೇ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದು ನಿಲ್ಲುವ ಆ ಖೋಲಿಯಲ್ಲಿ ಅವಳು ಶಾಂತತ್ತಿಯ ಹೊರಸಿನ ಕಾಲಿಗೆ ಒರಗಿ ನೆಲದ ಮೇಲೆ ಕುಳಿತು, ಬುಟ್ಟಿಯನ್ನು ಸ್ವಲ್ಪವೇ ಎತ್ತಿ ಬಗ್ಗಿ ನೋಡಿದಳು.

“ಇದು ನಮ್ಮ ಕಡಿ ಅಡವ್ಯಾಗಿನ ಹಕ್ಕಿರೀ ಅವ್ವಾರ. ಹಳ್ಳದ ದಂಡ್ಯಾಗ, ಕಂಟಿ ಬುಡಕ ಇರತೈತಿ. ಗಿಡದ ಮ್ಯಾಲ ಕುಂದ್ರೂದ ಕಮ್ಮಿ. ನೆಲದಾಗ ಜಿಗದಾಡಕೋತ ಎಲಿ ಕೆದರಿ ತಿಂತೈತಿ. ಎಲಿ ಕೆದರೋ ಹಕ್ಕಿ ಅಂತೀವಿ ನಾವು.”

“ಏನ ತಿಂತೈತಿ?” ಆಯಿ ಕೇಳಿದಳು.

“ಹುಳಾರೀ. ಎರಿಹುಳ, ಒರಲಿ, ಜೇಡಾ. ಕಾಳು ಇದರ ಹೊಟ್ಟಿಗೆ ನಡಿಯೂದಿಲ್ಲ.”

ಆಯಿ ಬುಟ್ಟಿಯ ಬದಿ ಚೆಲ್ಲಿದ್ದ ಕಾಳನ್ನು ಸೆರಗಿಗೆ ಆರಿಸಿಕೊಂಡಳು.

“ಹುಳ ಕೊಂದು ಹಾಕೂದು ನಮ್ಮ ಕಡಿಂದ ಆಗೂದಿಲ್ಲ, ಗಂಗವ್ವ.”

“ಹಂಗಾರ ನಾಳಿ ಹೊತ್ತಿಗೆ ಸಾಯ್ತೈತ್ರೀ.” ಅವಳು ಅದನ್ನು ಕಟುವಾಗಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. “ಇವತ್ತೊಂದಿನ ಜೀವ ಹಿಡಕೊಂಡು ಜಗ್ಗಿದ್ರ ನಾ ಒಯ್ದು ನಮ್ಮ ಹಳ್ಳದಾಗ ಬಿಡತೇನಿ. ಜಗ್ಗಬೇಕಲ್ಲ.”

ಅವಳು ಸಂತೆಗೆ ಹೋದಳು. ಆಯಿ ಊಟ ಮಾಡಿ ದೇವರ ಖೋಲಿಯ ತಂಪು ನೆಲದ ಮೇಲೆ ಮಲಗಿದಳು. ನಾನು ಬುಟ್ಟಿಯ ಹತ್ತಿರ ಕುಳಿತಿದ್ದೆ. ಶಾಂತತ್ತಿ ಹೊರಸಿನ ಅಂಚಿಗೆ ಸರಿದು ನನ್ನ ತಲೆಯ ಮೇಲೆ ಕೈ ಇಟ್ಟಳು. ಬಹಳ ಸಣ್ಣ ದನಿಯಲ್ಲಿ ಹೇಳಿದಳು.

“ಬಚ್ಚಲ ನೀರು ಹೋಗೋ ಕಡಿ ಮಣ್ಣು ಹಸಿ ಐತಿ. ಕೆದರಿ ನೋಡು.”

ನಾನು ಅವಳ ಮುಖ ನೋಡಿದೆ. ಅವಳು ಕಣ್ಣು ತಪ್ಪಿಸಲಿಲ್ಲ. ಹಿತ್ತಲಿಗೆ ಹೋಗಿ ಒಡೆದ ಹಂಚಿನ ಚೂರಿನಿಂದ ಕೆಸುವಿನ ಗಿಡದ ಬುಡ ಕೆದರಿದೆ. ಮೊದಲ ಎರೆಹುಳ ಸಿಕ್ಕಾಗ ಅದು ಬೆರಳಿಗೆ ಸುತ್ತಿಕೊಂಡಿತು. ತಣ್ಣಗಿತ್ತು. ಹುಟ್ಟಿದಾಗಿನಿಂದ ಒಂದು ಇರುವೆಯನ್ನೂ ತಿಳಿದು ತಿಳಿದು ತುಳಿಯದ ಮನೆಯ ಹುಡುಗಿ ನಾನು. ಕೈ ಹಿಂದೆ ಸರಿಯಿತು. ಆಮೇಲೆ ಹುಳವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಓಡಿದೆ. ಬುಟ್ಟಿಯ ಅಂಚಿನಿಂದ ಒಳಗೆ ಬಿಟ್ಟೆ. ಕಣ್ಣು ಮುಚ್ಚಿ ನಿಂತಿದ್ದ ಹಕ್ಕಿ ಒಂದು ಕಣ್ಣು ತೆರೆಯಿತು. ಎರಡು ಜಿಗಿತಕ್ಕೆ ಹುಳದ ಹತ್ತಿರ ಬಂದು, ಕೊಕ್ಕಿನಿಂದ ಹಿಡಿದು ನೆಲಕ್ಕೆ ಬಡಿಯಿತು. ಬಡಿಯುವ ಸದ್ದು ನನಗೆ ಕೇಳಿಸಿತು. ಹುಳ ತಿರುಚಿಕೊಂಡದ್ದನ್ನೂ ನೋಡಿದೆ. ಹಕ್ಕಿ ನುಂಗಿತು. ನನಗೆ ಹುಳದ ಮೇಲೆ ಮರುಕವಾಯಿತು, ಅದೇ ಗಳಿಗೆಯಲ್ಲಿ ಖುಷಿಯೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಹೇಳಲು ಇಂದಿಗೂ ನನಗೆ ಬರುವುದಿಲ್ಲ. ಶಾಂತತ್ತಿ ಹೊರಸಿನ ಮೇಲಿಂದ ಬಗ್ಗಿ ನೋಡುತ್ತ, “ಮತ್ತ ತಾ,” ಅಂದಳು.

ಆರೋ ಏಳೋ ಸಲ ಹೋಗಿ ಬಂದಿರಬೇಕು. ಕೊನೆಯ ಸಲ ಕೆಸುವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಾಗ ಮಣ್ಣಿನ ಮೇಲೆ ನೆರಳು ಬಿತ್ತು. ಆಯಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಹುಳವನ್ನೂ ಹಂಚಿನ ಚೂರನ್ನೂ ನೋಡಿದಳು. ಹೊಡೆಯಲಿಲ್ಲ. ನನ್ನ ಕೈ ಬಿಡಿಸಿ ಹುಳವನ್ನು ಹಸಿ ಮಣ್ಣಿನ ಮೇಲೆ ಇಟ್ಟು, ಮೇಲೆ ಒಂದಿಷ್ಟು ಮಣ್ಣು ಎಳೆದಳು.

“ಎಷ್ಟಾದ್ವು?”

“ಗೊತ್ತಿಲ್ಲ, ಆಯಿ.”

“ಅದೂ ಗೊತ್ತಿಲ್ಲ.” ಅವಳು ಹಂಚಿನ ಚೂರನ್ನು ಕಸಿದು ಬದಿಗಿಟ್ಟಳು. “ಒಂದ ಜೀವ ಉಳಸಾಕ ಎಷ್ಟ ಜೀವ ತಗದ್ನಿ ಅನ್ನೂದೂ ನಿನಗ ಗೊತ್ತಿಲ್ಲ. ಇದನ್ನ ಯಾರು ಕಲಿಸಿದ್ರು?”

ಹಿಂದಿನ ಖೋಲಿಯ ಬಾಗಿಲಲ್ಲಿ ಶಾಂತತ್ತಿ ಬಂದು ನಿಂತಳು. ಚೌಕಟ್ಟು ಹಿಡಿದುಕೊಂಡಿದ್ದಳು. ಆ ಮನೆಗೆ ಬಂದ ಮೇಲೆ ಅವಳು ತಾನಾಗಿ ಎದ್ದು ಹಿತ್ತಲ ಬಿಸಿಲಿಗೆ ಬಂದದ್ದು ಅಂದೇ.

“ನಾ ಕಲಸೇನಿ,” ಅಂದಳು. “ಅಕಿಗೆ ಏನೂ ಅನಬ್ಯಾಡ.”

“ನೀ ಒಳಗ ಹೋಗು ಶಾಂತಾ. ಬಿಸಲೈತಿ.”

“ಹೋಗೂದಿಲ್ಲ. ಅವ್ವಾ, ನಿನ್ನಿಯಿಂದ ಆ ಹಕ್ಕೀಗೆ ಹಾಲು ಕೊಟ್ಟಿ, ರೊಟ್ಟಿ ಕೊಟ್ಟಿ, ಕಡ್ಲಿ ಕೊಟ್ಟಿ. ಎಲ್ಲಾ ಚೊಲೋವ ಕೊಟ್ಟಿ. ಅದು ಸಾಯಾಕತ್ತಿತ್ತು.” ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೆ ನಾವಿಬ್ಬರೂ ಕಾದೆವು. “ನನಗೂ ಹಾಲು ಕೊಡಾಕತ್ತಿ. ನನಗ ತತ್ತಿ ಬೇಕು. ಬಾಯಿ ರುಚಿಗಿ ಅಲ್ಲ. ನನಗ ಇಪ್ಪತ್ನಾಕು ವರ್ಷ. ನಾ ಬದಕಬೇಕು ಅಂತೇನಿ.”

ಅಡುಗೆಮನೆಯಿಂದ ಅವ್ವ ಬಂದು ಅರ್ಧ ದಾರಿಯಲ್ಲಿ ನಿಂತಿದ್ದಳು. ನಮ್ಮ ಮನೆಯಲ್ಲಿ ಹೆಂಗಸರು ತಮಗೆ ಇದು ಬೇಕು ಎಂದು ಹೇಳುವುದನ್ನು ನಾನು ಕೇಳಿರಲಿಲ್ಲ. ಸೀರೆ ಬೇಕು ಎಂದು ಕೂಡ ಹೇಳುತ್ತಿರಲಿಲ್ಲ. ಯಾರಾದರೂ ತಿಳಿದು ತರಬೇಕು. ಬದುಕಬೇಕು ಎಂದು ಒಬ್ಬಳು ಬಾಯಿ ಬಿಟ್ಟು ಕೇಳಿದಳು. ಆಯಿ ಮಗಳನ್ನು ನೋಡುತ್ತ ನಿಂತಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಯಲಲ್ಲಿ ದಾರಿ ತಪ್ಪಿದವರ ಮುಖ ಹಾಗಿರುತ್ತದೆ. ಕೈಯ ಮಣ್ಣು ತೊಳೆದು ದೇವರ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೂ ಹೊರಗೆ ಬರಲಿಲ್ಲ. ಅಪ್ಪ ಹೊರಗಿನಿಂದ ಬಂದಾಗ ಅವ್ವ ನಡೆದದ್ದನ್ನು ಹೇಳಿದಳು. ಅವನು ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಕದ ತಟ್ಟಲು ಎತ್ತಿದ ಕೈಯನ್ನು ಇಳಿಸಿದ.

ಮರುದಿನ ಆಯಿ ಪೂಜೆ ಮುಗಿಸಿ ಬಂದು ಅಪ್ಪನಿಗೆ ಹೇಳಿದ್ದು ಒಂದೇ ಮಾತು.

“ಹಕ್ಕಿನ್ನ ಅದರ ಊರಿಗೆ ಮುಟ್ಟಿಸಿ ಬಾ. ಈ ಹುಡುಗೀನೂ ಕರಕೊಂಡು ಹೋಗು. ಅಕಿನೂ ನೋಡ್ಲಿ.”

ಸಾಲೆಗೆ ಬೇಸಿಗೆ ರಜೆ ಇತ್ತು, ಅಪ್ಪ ಒಪ್ಪಿದ. ಗಂಗವ್ವ ಒಂದು ಸಣ್ಣ ಬುಟ್ಟಿಯಲ್ಲಿ ಹಕ್ಕಿಯನ್ನು ಇಟ್ಟು, ಮೇಲೆ ಬಟ್ಟೆ ಕಟ್ಟಿ ನನ್ನ ಮಡಿಲಿಗೆ ಕೊಟ್ಟಳು. ಹೊರಡುವ ಮುಂಚೆ ಶಾಂತತ್ತಿ ಬಟ್ಟೆಯ ಮೇಲಿಂದ ಅದನ್ನು ಒಮ್ಮೆ ಮುಟ್ಟಿದಳು. ಕಿತ್ತೂರಿನವರೆಗೆ ಬಸ್ಸು, ಅಲ್ಲಿಂದ ಟೆಂಪೋ. ನಮ್ಮ ಊರಿನ ಕಡೆ ಕರಿ ಹೊಲಗಳು ಬಾಯಿ ಬಿಟ್ಟು ಬಿದ್ದಿದ್ದವು. ಕಿತ್ತೂರು ದಾಟಿದ ಮೇಲೆ ಮಣ್ಣು ಕೆಂಪಾಯಿತು, ಗಿಡಗಳು ಹತ್ತಿರ ಹತ್ತಿರ ಬಂದವು, ಗಾಳಿ ಒದ್ದೆಯಾಯಿತು. ಅಲ್ಲಿ ಆಗಲೇ ಎರಡು ಮಳೆ ಬಿದ್ದಿತ್ತು. ಗಂಗವ್ವನ ಹಳ್ಳಿಯಿಂದ ಅರ್ಧ ತಾಸು ನಡೆದು ಹಳ್ಳಕ್ಕೆ ಇಳಿದೆವು. ಬಿದಿರು, ಹೆಸರು ಗೊತ್ತಿಲ್ಲದ ಕಂಟಿಗಳು, ಕಾಲಿಟ್ಟರೆ ಹೂತುಹೋಗುವಷ್ಟು ತರಗೆಲೆ. ಕೊಳೆತ ಎಲೆಯ ವಾಸನೆ. ಮಧ್ಯಾಹ್ನವಾದರೂ ಒಳಗೆ ಮಬ್ಬು. ಗಂಗವ್ವ ಒಂದು ಕಂಟಿಯ ಬುಡ ತೋರಿಸಿದಳು. ನಾನು ಬಟ್ಟೆ ಬಿಚ್ಚಿ ಬುಟ್ಟಿಯನ್ನು ವಾಲಿಸಿದೆ.

ಹಕ್ಕಿ ತಕ್ಷಣ ಓಡಲಿಲ್ಲ. ಹೊರಗೆ ಜಿಗಿದು ನೆಟ್ಟಗೆ ನಿಂತಿತು. ನಾವು ಉಸಿರು ಬಿಡದೆ ನೋಡಿದೆವು. ಆಮೇಲೆ ಒಂದು ಎಲೆಯನ್ನು ಕೊಕ್ಕಿನಿಂದ ಹಿಡಿದು ಪಕ್ಕಕ್ಕೆ ಎಸೆಯಿತು. ಇನ್ನೊಂದನ್ನು ಎಸೆಯಿತು. ಕೆಳಗಿನಿಂದ ಬೆಳ್ಳಗಿನದೇನನ್ನೋ ಎತ್ತಿ ನುಂಗಿ, ಜಿಗಿಯುತ್ತ, ಎಲೆ ಮಗುಚುತ್ತ ಕಂಟಿಯ ಕೆಳಗೆ ಹೋಯಿತು. ಅಷ್ಟು ಬಣ್ಣದ ಹಕ್ಕಿ ಆ ಮಬ್ಬಿನಲ್ಲಿ ಎರಡೇ ಮಾರಿಗೆ ಕಾಣದಾಯಿತು. ಎಲೆ ಸರಿಯುವ ಸದ್ದು ಮಾತ್ರ ಸ್ವಲ್ಪ ಹೊತ್ತು ಬರುತ್ತಿತ್ತು. ನಾವು ಹಳ್ಳ ಹತ್ತಿ ಬರುವಾಗ ಹಿಂದಿನಿಂದ ಒಂದು ಸಿಳ್ಳೆ ಕೇಳಿಸಿತು, ಎರಡು ಸ್ವರದ್ದು, ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಅದೇ ಹಕ್ಕಿಯೋ ಬೇರೆಯೋ ಗೊತ್ತಿಲ್ಲ. ಅದರ ಹೆಸರು ನವರಂಗ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಾನೇ ಸವದತ್ತಿಯ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ. ಮಳೆಗಾಲದ ಮುಂಚೆ ತೆಂಕಣದಿಂದ ಬಡಗಣಕ್ಕೆ ಹಾರುತ್ತವೆಯಂತೆ, ದಣಿದು ಊರುಗಳಲ್ಲಿ ಬೀಳುತ್ತವೆಯಂತೆ. ಶಾಂತತ್ತಿ ಹೇಳಿದ್ದು ಸರಿಯಾಗಿತ್ತು.

ಮರಳುವ ಬಸ್ಸಿನಲ್ಲಿ ಅಪ್ಪ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತಿದ್ದ. ಅವನ ತೊಡೆಯ ಮೇಲೆ ಅದೇ ಸಣ್ಣ ಬುಟ್ಟಿ. ಅದರಲ್ಲಿ ಭತ್ತದ ಹುಲ್ಲು ಹಾಸಿ ಗಂಗವ್ವ ತನ್ನ ಕೋಳಿಗಳ ಎಂಟು ತತ್ತಿ ಇಟ್ಟುಕೊಟ್ಟಿದ್ದಳು. ಅಪ್ಪನೇ ಕೇಳಿ ಇಸಿದುಕೊಂಡಿದ್ದ.

“ಈ ಮಾತು ನಿನ್ನ ಅತ್ತಿ ಕಡಿಂದ ಬರಬಾರದಿತ್ತು,” ಅಂದ. “ನಾ ಆಡಬೇಕಿತ್ತು. ಡಾಕ್ಟರ್ ಹೇಳಿದ ದಿನಾನ ಆಡಬೇಕಿತ್ತು.”

ನಾನು ಹತ್ತು ವರ್ಷದವಳು. ಅಪ್ಪ ನನಗೆ ಹೇಳುತ್ತಿದ್ದಾನೋ ತನಗೇ ಹೇಳಿಕೊಳ್ಳುತ್ತಿದ್ದಾನೋ ತಿಳಿಯಲಿಲ್ಲ. ಬುಟ್ಟಿಯನ್ನು ಮನೆಯೊಳಗೆ ಹೇಗೆ ಒಯ್ಯುವುದು ಎಂಬ ಹೆದರಿಕೆಯೇ ನನಗೆ ದೊಡ್ಡದಾಗಿತ್ತು. ಜಗಳವಾದರೆ ಈ ಸಲ ಅಪ್ಪ ಎದ್ದು ಹೋಗುವುದಿಲ್ಲ ಎಂದು ಅವನ ಮುಖ ನೋಡಿ ಗೊತ್ತಾಯಿತು. ಆದರೆ ಜಗಳವಾಗಲಿಲ್ಲ. ಹಿತ್ತಲ ಬಾಗಿಲಿಂದ ಒಳಗೆ ಬಂದಾಗ ಪೇರಲ ಗಿಡದ ಕೆಳಗೆ ಮೂರು ಕಲ್ಲು ಹೂಡಿತ್ತು. ಪಕ್ಕದಲ್ಲಿ ಒಂದು ಹೊಸ ಬೋಗುಣಿ, ಒಂದಿಷ್ಟು ಪುಳ್ಳೆ. ಅವ್ವ ಹೇಳಿದಳು, ಕಲ್ಲುಗಳನ್ನು ಆಯಿಯೇ ಎತ್ತಿ ತಂದು ಹೂಡಿದಳು ಎಂದು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಅಪ್ಪ ಬುಟ್ಟಿ ಹಿಡಿದು ಅವಳೆದುರು ನಿಂತ.

“ಒಲಿ ಮ್ಯಾಲ ಬ್ಯಾಡ. ಹೊರಗ ಕುದಿಸಿ ಕೊಡ್ರಿ,” ಅಂದಳು. “ನನ್ನ ಕೈಲೆ ಆಗೂದಿಲ್ಲ. ಆದ್ರ ಅಡ್ಡ ಬರೂದಿಲ್ಲ.”

ಮರುದಿನದಿಂದ ಮುಂಜಾನೆ ಆಯಿ ಪೂಜೆಗೆ ಕುಳಿತ ಹೊತ್ತಿನಲ್ಲಿ ಅವ್ವ ಪೇರಲ ಗಿಡದ ಕೆಳಗೆ ಒಂದು ತತ್ತಿ ಕುದಿಸುತ್ತಿದ್ದಳು. ಶಾಂತತ್ತಿ ಮೊದಲ ದಿನ ಕಣ್ಣು ಮುಚ್ಚಿ, ಉಪ್ಪು ಹಚ್ಚಿ, ನಾಲ್ಕು ಸಲ ಓಕರಿಸಿ ತಿಂದಳು. ಮೂರನೆಯ ವಾರಕ್ಕೆ ಗುಳಿಗೆ ಹೊಟ್ಟೆಯಲ್ಲಿ ನಿಲ್ಲತೊಡಗಿತು. ಗಂಗವ್ವ ಪ್ರತಿ ಸಂತೆಗೆ ಮೊರಗಳ ಹೊರೆಯಲ್ಲಿ ಆ ಬುಟ್ಟಿ ಅಡಗಿಸಿ ತರುತ್ತಿದ್ದಳು, ಓಣಿಯವರಿಗೆ ತಿಳಿಯದಂತೆ. ಶ್ರಾವಣದ ಹೊತ್ತಿಗೆ ಬಳೆಗಳು ಮಣಿಕಟ್ಟಿನಲ್ಲೇ ನಿಂತವು. ತತ್ತಿ ಶುರುವಾದ ದಿನಗಳಲ್ಲೇ ಆಯಿ ಸಂಜೆಯ ಊಟ ಬಿಟ್ಟಿದ್ದಳು. ಮೊದಮೊದಲು “ಹಸಿವಿಲ್ಲ” ಅಂದಳು, ಆಮೇಲೆ ಅದನ್ನೂ ಹೇಳದೆ, ನಾವು ಉಣ್ಣುವಾಗ ಕಂಬಕ್ಕೆ ಒರಗಿ ಕುಳಿತಿರುವಳು. ಅವ್ವ ಅದನ್ನು ಸಿಟ್ಟು ಎಂದುಕೊಂಡಳು. ನಾನೂ ಹಾಗೇ ತಿಳಿದೆ. ಒಳಗೊಳಗೇ ಆಯಿಯ ಮೇಲೆ ನನಗೂ ಸಿಟ್ಟಿತ್ತು. ಮಗಳು ಚೇತರಿಸಿಕೊಳ್ಳುವುದನ್ನು ನೋಡಿಯೂ ಮುನಿಸು ಬಿಡುವುದಿಲ್ಲವಲ್ಲ ಎಂದು.

ದಸರೆಯ ಹೊತ್ತಿಗೆ ಶಾಂತತ್ತಿ ಪಡಸಾಲೆಗೆ ಬಂದು ನಮ್ಮ ಜೊತೆಗೇ ಊಟಕ್ಕೆ ಕೂರುವಷ್ಟಾದಳು. ಎರಡು ಮೂರು ಸಂಜೆ ಸುಮ್ಮನೆ ನೋಡಿದಳು. ನಾಲ್ಕನೆಯ ಸಂಜೆ ತುತ್ತು ಎತ್ತಿದವಳು ತಾಟಿಗೇ ಇಟ್ಟಳು.

“ಅವ್ವಾ, ನೀ ಯಾಕ ಉಣ್ಣೂದಿಲ್ಲ?”

“ಒಂದಹೊತ್ತು ಸಾಕು ನನಗ.”

“ಯಾವಾಗಿನಿಂದ?”

ಅವ್ವ ಲೆಕ್ಕ ಹಾಕಿದವಳಂತೆ ತಲೆ ಎತ್ತಿದಳು. ಅವಳೇ ಮೆಲ್ಲಗೆ ಹೇಳಿದಳು, “ಹಕ್ಕಿ ಬಿಟ್ಟು ಬಂದ ದಿನದಿಂದ.”

ಶಾಂತತ್ತಿ ಎದ್ದು ಹೋಗಿ ತಾಯಿಯ ಎದುರು ಕುಳಿತಳು.

“ನಾ ತತ್ತಿ ತಿನ್ನೂದಕ್ಕ ನೀ ಉಪವಾಸ ಅದೀಯೇನು?”

“ತತ್ತೀನೂ ಒಂದ ಜೀವ, ಶಾಂತಾ. ತಿನ್ನಬ್ಯಾಡ ಅಂತ ನಾ ಹ್ಯಾಂಗ ಹೇಳ್ಲಿ, ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ತಪ್ಪಲ್ಲ ಅಂತ ಹ್ಯಾಂಗ ಹೇಳ್ಲಿ, ನಾ ನಂಬಿದ್ದು ಬ್ಯಾರೆ ಐತಿ. ಅದರ ಪಾಪ ನಿನಗ ಹತ್ತಬಾರದು. ನೀ ಇನ್ನೂ ಬಾಳೇ ಮಾಡಬೇಕಾದಾಕಿ. ನನ್ನ ಮ್ಯಾಲಿರಲಿ ಅಂತ ಬೇಡಕೊಂಡೇನಿ.”

“ಹಂಗಾರ ನಾಳಿಂದ ನಾ ಬಿಡತೇನಿ.”

“ಬಿಡಬ್ಯಾಡ.” ಆಯಿಯ ದನಿ ಗಟ್ಟಿಯಾಯಿತು. “ನಡುವ ಬಿಟ್ಟಿ ಅಂದ್ರ ನಾ ಇಷ್ಟು ದಿನ ಮಾಡಿದ್ದು ಎಲ್ಲಾ ವ್ಯರ್ಥ. ಗುಳಿಗಿ ಮುಗಿಯೂತನ ತಿನ್ನು. ನಿನ್ನ ಕೆಲಸ ನೀ ಮಾಡು, ನನ್ನ ಕೆಲಸ ನಾ ಮಾಡತೇನಿ.”

ಶಾಂತತ್ತಿ ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಆಯಿ ಅಳಲಿಲ್ಲ. ಮಗಳ ಬೆನ್ನ ಮೇಲೆ ಕೈಯಾಡಿಸುತ್ತ ನನ್ನ ಕಡೆ ನೋಡಿ, “ಉಣ್ಣು ನೀಲಾ, ರೊಟ್ಟಿ ಆರತೈತಿ,” ಅಂದಳು. ಐದು ತಿಂಗಳು ನಾನು ತಪ್ಪು ತಿಳಿದಿದ್ದ ಆಯಿ ಎದುರಿಗೆ ಕುಳಿತಿದ್ದಳು, ನನ್ನ ಊಟದ ಚಿಂತೆ ಮಾಡುತ್ತ. ಅಂದಿನಿಂದ ನನಗೆ ಯಾರ ಮೌನವನ್ನೂ ಬೇಗ ಅರ್ಥ ಮಾಡಿಕೊಂಡೆ ಅನ್ನುವ ಧೈರ್ಯ ಬಂದಿಲ್ಲ. ಸಾಲೆಯಲ್ಲಿ ಮಕ್ಕಳನ್ನು ಬೈಯುವ ಮೊದಲು ನಿಲ್ಲುತ್ತೇನೆ. ಸಹೋದ್ಯೋಗಿಗಳು ಅದನ್ನು ನನ್ನ ಮೆದುತನ ಅನ್ನುತ್ತಾರೆ.

ಸಂಕ್ರಮಣ ಕಳೆದ ಮೇಲೆ ಡಾಕ್ಟರು ಗುಳಿಗೆ ಸಾಕು ಅಂದರು. ಆಸ್ಪತ್ರೆಯಿಂದ ಬಂದ ಶಾಂತತ್ತಿ ಹಿತ್ತಲ ಮೂರು ಕಲ್ಲುಗಳನ್ನು ತಾನೇ ಎತ್ತಿ ಗೋಡೆಯ ಬದಿಗೆ ಇಟ್ಟು, ಸ್ನಾನ ಮಾಡಿ, ಒಂಬತ್ತು ತಿಂಗಳ ಮೇಲೆ ಮೊದಲ ಸಲ ಒಳಗಿನ ಒಲೆಯ ಮುಂದೆ ಕುಳಿತಳು. ಬಿಳಿಜೋಳದ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ಬೆಣ್ಣೆ ಕಾಸಿದಳು. ಸಂಜೆ ದೀಪ ಹಚ್ಚಿದ ಮೇಲೆ ಮೊದಲ ತಾಟನ್ನು ಆಯಿಯ ಮುಂದೆ ಇಟ್ಟು ಎದುರು ಕುಳಿತಳು. ಆಯಿ ತಾಟಿಗೆ ಕೈಮುಗಿದು ಉಣ್ಣತೊಡಗಿದಳು. ಅರ್ಧ ರೊಟ್ಟಿಗೆ ಕೈ ನಿಂತಿತು. ಇನ್ನೊಂದು ತುತ್ತು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದಳು.

“ಇಳಿವಲ್ದು,” ಅಂದಳು. “ಹೊಟ್ಟಿ ಮರತೈತಿ.”

ಶಾಂತತ್ತಿ ಗಂಡನ ಮನೆಗೆ ಮರಳಿ ಹೋಗಲಿಲ್ಲ. ಅವಳು ಮಲಗಿದ್ದಾಗ ಎರಡೇ ಸಲ ಬಂದು ಕಟ್ಟೆಯ ಮೇಲೆ ಚಹಾ ಕುಡಿದು ಹೋದ ಗಂಡನ ಜೊತೆ ಬಾಳ್ವೆಯೇ ಬೇಡ ಎಂದು ಅವಳೇ ಹೇಳಿದಳು. ಈ ಸಲ ಅಪ್ಪ ಅವಳ ಪಕ್ಕದಲ್ಲಿ ನಿಂತ. ಹೊಲಿಗೆ ಕಲಿತು ಯರಗಟ್ಟಿಯಲ್ಲಿ ಮಷೀನು ಹಾಕಿಕೊಂಡಳು, ಅಲ್ಲೇ ನೆಲೆಸಿದಳು. ಆಯಿ ಆಮೇಲೆ ಹದಿನಾಲ್ಕು ವರ್ಷ ಬದುಕಿದಳು. ಸಂಜೆಯ ಊಟ ಅವಳಿಗೆ ಮತ್ತೆ ಹತ್ತಲೇ ಇಲ್ಲ. ಶಾಂತತ್ತಿ ಊರಿಗೆ ಬಂದಾಗಲೆಲ್ಲ ಸಂಜೆ ಒಂದು ತಾಟು ತಂದು ಅವಳ ಮುಂದೆ ಇಡುವಳು. ಆಯಿ ಬೇಡ ಅನ್ನುತ್ತಿರಲಿಲ್ಲ. ಒಂದು ತುತ್ತು ಮುರಿದು ಬಾಯಿಗೆ ಹಾಕಿ, ಮಗಳ ಮುಖ ನೋಡುತ್ತ ನಿಧಾನ ಅಗಿದು ನುಂಗಿ, ಉಳಿದದ್ದನ್ನು ಅವಳ ಕಡೆಗೇ ಸರಿಸುವಳು. ಶಾಂತತ್ತಿ ಅದೇ ತಾಟಿನಲ್ಲಿ ಉಣ್ಣುವಳು.